ಗಂಟಿನಿಂದ ಶುರು ಮಾಡಿ: ಕಚ್ಚೆ ಸೀರೆ, ಲಂಬಾಣಿ ಪೇಟಿಯಾ, ಕೊಡಗಿನ ಸೀರೆ ಉಡುವ ಕ್ರಮ

ಫೆಬ್ರವರಿ ಬಂತೆಂದರೆ ದಾವಣಗೆರೆಯ ಕಾಲೇಜುಗಳಲ್ಲಿ ಎತ್ನಿಕ್ ಡೇ ಸಡಗರ. ಬೆಳಿಗ್ಗೆ ಆರು ಗಂಟೆಗೇ ಹುಡುಗಿಯರು ನಮ್ಮ ಮನೆ ಬಾಗಿಲಲ್ಲಿ ಇರುತ್ತಾರೆ. ಒಂದು ಕೈಯಲ್ಲಿ ಅಜ್ಜಿಯ ಸೀರೆ, ಇನ್ನೊಂದು ಕೈಯಲ್ಲಿ ಫೋನು. ‘ಅಕ್ಕಾ, ಇದೇ ಥರ ಬರ್ಬೇಕು’ ಅಂತ ಯಾರದೋ ಫೋಟೋ ತೋರಿಸುತ್ತಾರೆ. ಬ್ಯಾಗಿನಲ್ಲಿ ಒಂದು ಡಬ್ಬಿ ಪಿನ್ನು ಬೇರೆ.

ನಾನು ಮದುವೆ ಮನೆಗಳಿಗೆ ಸೀರೆ ಉಡಿಸಲು ಹೋಗುವವಳು. ಪಿನ್ನಿನ ಡಬ್ಬಿಯನ್ನು ಮೊದಲು ಪಕ್ಕಕ್ಕೆ ಇಡಿಸುತ್ತೇನೆ. ಆಮೇಲೆ ಕೇಳುವುದು ಒಂದೇ ಮಾತು: ಈ ಉಡುಗೆಯ ಗಂಟು ಎಲ್ಲಿದೆ? ಫೋಟೋದಲ್ಲಿ ನೆರಿಗೆ ಕಾಣುತ್ತದೆ, ಸೆರಗು ಕಾಣುತ್ತದೆ. ಗಂಟು ಕಾಣುವುದಿಲ್ಲ. ಆದರೆ ಇಡೀ ಉಡುಗೆ ಜೋತು ಬಿದ್ದಿರುವುದು ಅದರ ಮೇಲೆಯೇ. ಜಗಳೂರು ಕಡೆಯ ನಮ್ಮಜ್ಜಿ ಹೊಲದಲ್ಲಿ ಕಳೆ ಕೀಳುವಾಗ, ಬಾವಿಯಿಂದ ನೀರು ಸೇದುವಾಗ ಒಂದು ಪಿನ್ನನ್ನೂ ಹಾಕಿದವಳಲ್ಲ. ‘ಗಂಟು ಗಟ್ಟಿ ಇದ್ರೆ ಸೀರೆ ತಾನಾ ನಿಲ್ತೈತಿ ಬಿಡವ್ವಾ’ ಅನ್ನುತ್ತಿದ್ದಳು.

ಈ ಬರಹದಲ್ಲಿ ಜಾಸ್ತಿ ಜಾಗ ಕಚ್ಚೆ ಸೀರೆಗೆ. ಅದು ನಮ್ಮ ಕಡೆಯದು, ಕಷ್ಟದ್ದೂ ಹೌದು. ಅದು ಕೈಗೆ ಬಂದರೆ ಬೇರೆ ಊರಿನ ಉಡುಗೆಗಳು ಬೇಗ ಅರ್ಥವಾಗುತ್ತವೆ.

ಮೊದಲು ಸೀರೆ ಅಳೆಯಿರಿ

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 6 ಗಜದ ಸೀರೆ, ಅಂದರೆ ಸುಮಾರು ಐದೂವರೆ ಮೀಟರ್. ಕಚ್ಚೆಗೆ ಇದು ಸಾಲದು. ಬೇಕಾಗಿರುವುದು 9 ಗಜ, ಅಂದರೆ 8 ಮೀಟರ್ 20 ಸೆಂಟಿಮೀಟರ್‌ನಷ್ಟು. ಹಳಬರು ಇದನ್ನೇ 18 ಮೊಳದ ಸೀರೆ ಅನ್ನುತ್ತಾರೆ. ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಒಂದು ಮೊಳ, ಎರಡು ಮೊಳಕ್ಕೆ ಒಂದು ಗಜ. ಸಣ್ಣ ಮೈಕಟ್ಟಿನವರಿಗೆ 8 ಗಜದಲ್ಲೂ ಆಗುತ್ತದೆ. 6 ಗಜದಲ್ಲಿ ಕಚ್ಚೆ ಹಾಕುವ ವಿಡಿಯೋಗಳು ಬೇಕಾದಷ್ಟಿವೆ. ಅವನ್ನು ನೋಡಿ ಉಟ್ಟು ಬಂದ ಹುಡುಗಿ ಬಸ್ ಹತ್ತಲಾಗದೆ ನಿಂತದ್ದನ್ನೂ ನೋಡಿದ್ದೇನೆ.

ಇಳಕಲ್ ಸೀರೆ ಕೊಳ್ಳುವುದಾದರೆ ಉದ್ದವನ್ನು ಮೊದಲೇ ಹೇಳಿ. ಅದರ ಕೆಂಪು ಸೆರಗು ಮತ್ತು ಒಡಲು ಒಂದೇ ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳಲ್ಲಿ, ಬರುವುದಿಲ್ಲ. ಎರಡು ಬೇರೆ ಹಾಸುಗಳ ಎಳೆಗಳನ್ನು ಕೊಂಡಿ ಕೊಂಡಿಯಾಗಿ ಸೇರಿಸಿ ನೇಯುತ್ತಾರೆ. ಅದಕ್ಕೇ ನೇಕಾರರು 6, 8 ಅಥವಾ 9 ಗಜ ಎಂದು ಮೊದಲೇ ಲೆಕ್ಕ ಹಿಡಿದು ಹಾಸು ಹಾಕುತ್ತಾರೆ. ಥಾನಿನಿಂದ ಕತ್ತರಿಸಿ ಕೊಟ್ಟಂತೆ ಇನ್ನೊಂದು ಗಜ ಸೇರಿಸಿ ಕೊಡಿ ಎಂದರೆ ಆಗುವುದಿಲ್ಲ. ಕೊಳ್ಳುವಾಗ ಸೀರೆ ತಿರುಗಿಸಿ, ಸೆರಗು ಒಡಲಿಗೆ ಸೇರುವ ಗೆರೆಯ ಮೇಲೆ ಬೆರಳಾಡಿಸಿ. ಕೊಂಡಿಯ ಸಾಲು ಸಣ್ಣಗೆ ಕೈಗೆ ತಾಗುತ್ತದೆ. ಬರೀ ಬಣ್ಣ ಬದಲಾಗಿ ಬಟ್ಟೆ ನುಣ್ಣಗೆ ಮುಂದುವರಿದಿದ್ದರೆ ಅದು ಬೇರೆ ನೇಯ್ಗೆ. ಆ ಸೆರಗಿನ ಬಿಳಿ ಚಿತ್ರಗಳಲ್ಲಿ ಬಾಚಣಿಗೆ ಇದೆ, ಕೋಟೆಯ ಗೋಡೆ ಇದೆ, ಜೋಳದ ತೆನೆ ಇದೆ. ಚಿತ್ರದುರ್ಗದವರಿಗೆ ಕೋಟೆಯನ್ನು ಬೇರೆ ಪರಿಚಯ ಮಾಡಿಕೊಡಬೇಕೆ!

ರೇಷ್ಮೆ ಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಇದೆ. ಆಂಧ್ರದ ಗಡಿಗೆ ತಾಗಿದ ಆ ಊರಿನ ಕೈಮಗ್ಗದ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಕಲಿಯಲು ರೇಷ್ಮೆ ಬೇಡ, ಅದು ಜಾರುತ್ತದೆ. ಎರಡು ಮೂರು ಸಲ ಒಗೆದು ಮೆತ್ತಗಾದ ಹತ್ತಿ ಸೀರೆಯಲ್ಲಿ ಕೈ ಪಳಗಿಸಿ. ಗಂಜಿ ಹಾಕಿದ ಸೀರೆಯೂ ಬೇಡ. ಅದರಲ್ಲಿ ನೆರಿಗೆ ಚಂದ ನಿಲ್ಲುತ್ತದೆ, ಗಂಟು ಮಾತ್ರ ಕೂರುವುದಿಲ್ಲ.

ಒಳಗೆ ಏನು ಹಾಕಬೇಕು

ಕಚ್ಚೆಗೆ ಲಂಗ ಬೇಡ. ಲಂಗ ಇದ್ದರೆ ಕಾಲ ನಡುವೆ ಸೀರೆ ಹೋಗುವುದಾದರೂ ಹೇಗೆ? ಮಂಡಿವರೆಗಿನ ಬಿಗಿ ಚಡ್ಡಿ ಅಥವಾ ಸೀರೆಯ ಬಣ್ಣದ ಲೆಗ್ಗಿಂಗ್ಸ್ ಸಾಕು. ಮೇಲೆ ರವಿಕೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಬಸ ಹಾಕಿದರೆ ಬೇರೆ ಒಡವೆಯೇ ಬೇಕಿಲ್ಲ ಅನ್ನಿಸುತ್ತದೆ ನನಗೆ.

ಇನ್ನೊಂದು ಸಾಮಾನು ಬೇಕು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಳೇ ಹತ್ತಿ ಪಂಚೆಯಿಂದ ನಾಲ್ಕು ಬೆರಳು ಅಗಲದ ಪಟ್ಟಿ ಹರಿದುಕೊಳ್ಳಿ. ಅದನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ನೆರಿಗೆ, ಕಚ್ಚೆ ಎರಡನ್ನೂ ಸಿಕ್ಕಿಸುವುದು ಈ ಪಟ್ಟಿಗೇ. ಈ ಪಟ್ಟಿಯ ಬುದ್ಧಿ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ. ಒಂದು ಮದುವೆಯಲ್ಲಿ ಮದುಮಗಳಿಗೆ ಹೊಸ ರೇಷ್ಮೆ ಸೀರೆಯಲ್ಲಿ ಕಚ್ಚೆ ಉಡಿಸಿದ್ದೆ, ಪಟ್ಟಿ ಕಟ್ಟಿರಲಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ಅವಳು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು ನಿಂತಿದ್ದಳು. ಅವಳ ಅತ್ತೆ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ.

ಕಚ್ಚೆ: ಒಂದೊಂದೇ ಹಂತ

ಮೊದಲನೆಯ ಹಂತ ಗಂಟು. ಸೀರೆಯನ್ನು ಬೆನ್ನ ಹಿಂದಿನಿಂದ ತನ್ನಿ. ಸೆರಗಿಲ್ಲದ ಒಳತುದಿ ನಿಮ್ಮ ಎಡಗೈಯಲ್ಲಿ, ಉಳಿದ ಉದ್ದವೆಲ್ಲ ಬಲಗೈಯಲ್ಲಿ ಇರಲಿ. ಒಳತುದಿ ಹೊಕ್ಕುಳಿನಿಂದ ಎರಡು ಮೊಳ ಆಚೆಗೆ ಬರುವಷ್ಟು ಎಳೆದುಕೊಳ್ಳಿ. ಈಗ ಎಡಗೈಯ ಮೇಲಂಚಿನಿಂದ ಒಂದು ಹಿಡಿ, ಬಲಗೈಯ ಮೇಲಂಚಿನಿಂದ ಒಂದು ಹಿಡಿ ತೆಗೆದು ಹೊಕ್ಕುಳ ಕೆಳಗೆ ಗಂಟು ಹಾಕಿ, ಅದರ ಮೇಲೆ ಇನ್ನೊಂದು. ಗಂಟು ಹಾಕುವಾಗ ಉಸಿರು ಹೊರಗೆ ಬಿಡಿ. ಉಸಿರು ಎಳೆದುಕೊಂಡು ಹೊಟ್ಟೆ ಉಬ್ಬಿಸಿ ಕಟ್ಟಿದರೆ ಹತ್ತು ನಿಮಿಷಕ್ಕೆ ಸಡಿಲ. ಗಂಟು ಸರಿಯಿದೆಯಾ ಅಂತ ನೋಡಲು ಎರಡು ಸಲ ಕುಪ್ಪಳಿಸಿ. ನಗು ಬರುತ್ತದೆ, ಬರಲಿ. ಗಂಟು ಒಂದು ಬೆರಳಿನಷ್ಟು ಕೆಳಗೆ ಇಳಿದರೂ ಬಿಚ್ಚಿ ಮತ್ತೆ ಕಟ್ಟಿ. ಇಲ್ಲಿ ಸೋಮಾರಿತನ ಮಾಡಿದರೆ ಮುಂದಿನದೆಲ್ಲ ವ್ಯರ್ಥ.

ಎರಡನೆಯದು ಸೆರಗು. ಹೌದು, ನೆರಿಗೆಗಿಂತ ಮೊದಲು ಸೆರಗು. ಬಲಗೈಯಲ್ಲಿರುವ ಉದ್ದದ ಭಾಗವನ್ನು ಹೊಟ್ಟೆಯ ಮುಂದಿನಿಂದ ಎಡಕ್ಕೆ ಒಯ್ದು, ಬೆನ್ನ ಹಿಂದೆ ಸುತ್ತಿ, ಬಲ ತೋಳಿನ ಕೆಳಗಿಂದ ಮುಂದಕ್ಕೆ ತನ್ನಿ. ಅಲ್ಲಿಂದ ಎದೆಯ ಮೇಲೆ ಹಾಯಿಸಿ ಎಡ ಭುಜದ ಮೇಲೆ ಹಾಕಿ. ಬೆನ್ನ ಹಿಂದೆ ಸೆರಗು ಮಂಡಿವರೆಗೆ ಇಳಿಯಲಿ. ತಲೆ ಮೇಲೆ ಸೆರಗು ಹೊದೆಯುವುದಿದ್ದರೆ ಇನ್ನೊಂದು ಮೊಳ ಜಾಸ್ತಿ ಬಿಡಿ. ಭುಜದ ಮೇಲೆ ಒಂದು ಬಟ್ಟೆ ಕ್ಲಿಪ್ಪು ಸಿಕ್ಕಿಸಿಕೊಳ್ಳಿ, ಸದ್ಯಕ್ಕೆ ಮಾತ್ರ.

ಈಗ ಕೆಳಗೆ ನೋಡಿ. ಗಂಟಿಗೂ ಎಡ ಸೊಂಟಕ್ಕೂ ನಡುವೆ ದೊಡ್ಡ ಜೋಲಿಯಂತೆ ಬಟ್ಟೆ ಉಳಿದಿರುತ್ತದೆ. 18 ಮೊಳದಲ್ಲಿ ಹೆಚ್ಚುಕಡಿಮೆ ಎಂಟು ಮೊಳ ಇಲ್ಲೇ ಇರಬೇಕು. ಐದಾರು ಮೊಳ ಮಾತ್ರ ಉಳಿದಿದ್ದರೆ ಸೆರಗನ್ನು ಜಾಸ್ತಿ ಎಳೆದಿದ್ದೀರಿ, ವಾಪಸ್ ಬಿಡಿ.

ಮೂರನೆಯದು ನೆರಿಗೆ. ಮಾಮೂಲಿ ಸೀರೆಯ ಹಾಗೆ ಸಣ್ಣ ನೆರಿಗೆ ಬೇಡ. ಒಂದು ಗೇಣಿಗಿಂತ ತುಸು ಕಡಿಮೆ ಅಗಲದ ಎಂಟು ಹತ್ತು ನೆರಿಗೆ ಹಿಡಿಯಿರಿ. ಮೇಲಂಚು ಸರಿಯಾಗಿ ಜೋಡಿಸಿ, ಒಟ್ಟಿಗೆ ಹಿಡಿದು, ಗಂಟಿನ ಮೇಲಿಂದ ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿ. ಕೆಳ ಅಂಚು ಪಾದಕ್ಕೆ ತಾಗುವಂತಿರಲಿ. ಕಚ್ಚೆ ಎಳೆದಾಗ ಅದು ತಾನಾಗಿ ಮೇಲಕ್ಕೆ ಬರುತ್ತದೆ. ಹೊಲದ ಕೆಲಸಕ್ಕೆ ಮೀನಖಂಡದವರೆಗೆ ಎತ್ತಿ ಉಡುತ್ತಿದ್ದರು, ಮದುವೆಗೆ ಕಾಲಗಂಟಿನವರೆಗೆ.

ನಾಲ್ಕನೆಯದು ಕಚ್ಚೆ. ಕಾಲುಗಳನ್ನು ಒಂದೂವರೆ ಅಡಿ ಅಗಲಿಸಿ ನಿಂತುಕೊಳ್ಳಿ. ನೆರಿಗೆಯನ್ನು ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಬಿಡಿಸಿ. ನಡುವಿನ ನೆರಿಗೆಯ ಕೆಳ ಅಂಚನ್ನು ಬಗ್ಗಿ ಹಿಡಿಯಿರಿ. ಒಳಗೆ ಜೋತಾಡುತ್ತಿರುವ ಒಳತುದಿಯನ್ನೂ ಅದರ ಜೊತೆಗೇ ಸೇರಿಸಿಕೊಳ್ಳಿ. ಎರಡನ್ನೂ ಕಾಲ ನಡುವಿನಿಂದ ಹಿಂದಕ್ಕೆ ಒಯ್ಯಿರಿ. ಇಲ್ಲಿ ಇನ್ನೊಂದು ಕೈ ಇದ್ದರೆ ಒಳ್ಳೆಯದು. ಅಕ್ಕನೋ, ತಂಗಿಯೋ, ಅತ್ತಿಗೆಯೋ ಹಿಂದೆ ಕೂತು ಆ ಅಂಚನ್ನು ಸಣ್ಣ ಸಣ್ಣ ಮಡಿಕೆ ಮಾಡಿ, ದಡಿ ಹೊರಗೆ ಕಾಣುವಂತೆ ನೇರ ಮೇಲಕ್ಕೆ ಎಳೆದು, ಬೆನ್ನುಮೂಳೆಯ ಸಾಲಿಗೆ ಪಟ್ಟಿಯೊಳಗೆ ಸಿಕ್ಕಿಸಲಿ. ದಡಿ ಹಿಂದಿನಿಂದ ನೆಟ್ಟಗೆ ಇಳಿದು ಕಾಣಬೇಕು. ಅತ್ತಿತ್ತ ಓರೆಯಾದರೆ ನಡೆಯುವಾಗ ಒಂದು ಕಾಲು ಬಿಗಿಯುತ್ತದೆ.

ಐದನೆಯದನ್ನು ಬಿಡಲೇಬೇಡಿ: ಕುಕ್ಕರಗಾಲಲ್ಲಿ ಕೂರಿ. ರೊಟ್ಟಿ ತಟ್ಟಲು ಒಲೆ ಮುಂದೆ ಕೂತಂತೆ ಪೂರ್ತಿ ಕೂರಿ. ಹಿಂದಿನ ಸಿಕ್ಕು ಪಟಕ್ಕನೆ ಬಿಟ್ಟರೆ ಕಚ್ಚೆ ಬಿಗಿಯಾಗಿದೆ, ನಾಲ್ಕು ಬೆರಳು ಸಡಿಲ ಬಿಟ್ಟು ಮತ್ತೆ ಸಿಕ್ಕಿಸಿ. ಕೂತಾಗ ಏನೂ ಆಗದೆ, ನಿಂತಾಗ ಹಿಂದೆ ಜೋಲಿ ಬಿದ್ದರೆ ಸಡಿಲ ಜಾಸ್ತಿಯಾಗಿದೆ. ಆಮೇಲೆ ಮೆಟ್ಟಿಲು ಹತ್ತಿ ಇಳಿಯಿರಿ. ಇಷ್ಟಕ್ಕೂ ನಿಂತರೆ ಭುಜದ ಕ್ಲಿಪ್ಪು ತೆಗೆದು, ಸೆರಗಿನ ತುದಿಯನ್ನು ಬೆನ್ನಿನಿಂದ ಬಲಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿ. ಈಗ ಯಾವ ಕೆಲಸಕ್ಕೂ ಸೈ.

ಮೊದಲ ಸಲ ನಲವತ್ತು ನಿಮಿಷ ಹಿಡಿಯುತ್ತದೆ, ಬೇಜಾರಾಗಬೇಡಿ. ಐದಾರು ಸಲ ಉಟ್ಟ ಮೇಲೆ ಹತ್ತು ನಿಮಿಷ ಸಾಕು.

ಎಲ್ಲರೂ ಮೆಲ್ಲಗೆ ಕಿವಿಯಲ್ಲಿ ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಬಚ್ಚಲಿಗೆ ಹೋಗಬೇಕಾದರೆ ಹಿಂದಿನ ಸಿಕ್ಕು ಮಾತ್ರ ಬಿಡಿಸಿ, ಮುಂದಿನ ಗಂಟನ್ನೂ ನೆರಿಗೆಯನ್ನೂ ಮುಟ್ಟಬೇಡಿ. ವಾಪಸ್ ಬಂದು ಹಿಂದೆ ಸಿಕ್ಕಿಸಿಕೊಳ್ಳಲು ಒಬ್ಬ ಗೆಳತಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಹೊಲಿದ ರೆಡಿಮೇಡ್ ಕಚ್ಚೆ ಸೀರೆಗಳು ಈಗ ಸಿಗುತ್ತವೆ, ಪ್ಯಾಂಟಿನ ಹಾಗೆ ಹಾಕಿಕೊಳ್ಳುವುದು. ವೇದಿಕೆಯಲ್ಲಿ ಕುಣಿಯುವ ಮಕ್ಕಳಿಗೆ ಅದೇ ಸರಿ. ಆದರೆ ಅಜ್ಜಿಯ ಸೀರೆಯನ್ನು ಕತ್ತರಿಸಿ ಹೊಲಿಸಲು ಹೋಗಬೇಡಿ, ದಯವಿಟ್ಟು.

ಮಹಾರಾಷ್ಟ್ರದ ನೌವಾರಿಯೂ ಇದೇ ಕುಲ. ‘ನೌ’ ಅಂದರೆ ಒಂಬತ್ತು, ‘ವಾರ್’ ಅಂದರೆ ಗಜ, ಹೆಸರಿನಲ್ಲೇ ಅಳತೆ ಇದೆ. ತಮಿಳು ಬ್ರಾಹ್ಮಣರ ಮಡಿಸಾರ್ ಕೂಡ 9 ಗಜದ್ದು. ಅಲ್ಲಿ ಅಯ್ಯರ್ ಹೆಂಗಸರ ಸೆರಗು ಬಲ ಭುಜದ ಮೇಲೆ, ಅಯ್ಯಂಗಾರ್ ಹೆಂಗಸರದು ಎಡ ಭುಜದ ಮೇಲೆ. ಫೋಟೋ ನೋಡಿ ಉಡುವವರು ಹೆಚ್ಚಾಗಿ ತಪ್ಪುವುದು ಇಲ್ಲೇ. ಕನ್ನಡಿ ಮುಂದೆ ನಿಂತು ತೆಗೆದ ಸೆಲ್ಫಿಯಲ್ಲಿ ಎಡ ಬಲ ಅದಲುಬದಲಾಗಿರುತ್ತದೆ ಅಲ್ವಾ!

ತಾಂಡಾದ ಉಡುಗೆ

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಲಂಬಾಣಿ ತಾಂಡಾಗಳು ಬಹಳ. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವುದು ನಮ್ಮ ನ್ಯಾಮತಿ ತಾಲೂಕಿನಲ್ಲೇ. ಫೆಬ್ರವರಿ 15ರ ಅವರ ಜಯಂತಿಗೆ ಅಲ್ಲಿಗೆ ಹೋದರೆ ಅಸಲಿ ಉಡುಗೆ ಕಣ್ಣಾರೆ ನೋಡಬಹುದು. ಬಾಡಿಗೆ ಅಂಗಡಿಯ ‘ಲಂಬಾಣಿ ಡ್ರೆಸ್’ಗೂ ಅದಕ್ಕೂ ಇರುವ ದೂರ ಅಲ್ಲಿ ಗೊತ್ತಾಗುತ್ತದೆ. ಅಂಗಡಿಯದು ಚಮಕಿ ಅಂಟಿಸಿದ ಪಾಲಿಯೆಸ್ಟರ್. ತಾಂಡಾದ್ದು ಕೈಹೊಲಿಗೆ: ಕನ್ನಡಿ ಚೂರು, ಕವಡೆ, ನಾಣ್ಯ, ಬಣ್ಣದ ಬಟ್ಟೆಯ ತುಂಡು. ಎತ್ತಿ ನೋಡಿದರೆ ಕೈ ಜಗ್ಗುತ್ತದೆ.

ಮೊದಲು ಕಾಂಚಳಿ ಹಾಕಿ. ಅದು ಮುಂದೆ ಕಸೂತಿ ತುಂಬಿದ, ಬೆನ್ನು ತೆರೆದ ಕುಪ್ಪಸ. ಗಂಟು ಬೆನ್ನ ಮೇಲೆ. ಮೇಲಿನ ಕಸೆಯನ್ನು ಮೊದಲು ಕಟ್ಟಿ, ಎರಡೂ ಕೈ ಎತ್ತಿ ನೋಡಿ, ಆಮೇಲೆ ಕೆಳಗಿನ ಕಸೆ. ಎರಡನ್ನೂ ಒಂದೇ ಬಿಗಿಗೆ ಕಟ್ಟಿದರೆ ಕೈ ಮೇಲೆತ್ತಿದಾಗ ಕಾಂಚಳಿಯೂ ಮೇಲೆ ಬರುತ್ತದೆ. ಕಾಲೇಜಿಗೆ ಹಾಕುವ ಹುಡುಗಿಯರು ಒಳಗೆ ಮೈಬಣ್ಣದ ಟಾಪ್ ಹಾಕಿಕೊಳ್ಳುತ್ತಾರೆ, ತಪ್ಪೇನಿಲ್ಲ.

ಆಮೇಲೆ ಪೇಟಿಯಾ, ಘೇರು ತುಂಬಿದ ಲಂಗ. ಇದರ ಭಾರವೆಲ್ಲ ಲಾಡಿಯ ಮೇಲೆ ಬೀಳುತ್ತದೆ. ಹಳೇ ಲಾಡಿ ತೆಗೆದು ಅಗಲವಾದ ಹತ್ತಿ ಲಾಡಿ ಪೋಣಿಸಿ. ಗಂಟನ್ನು ನಡು ಹೊಟ್ಟೆಗೆ ಕಟ್ಟದೆ ಪಕ್ಕದ ಸೊಂಟದೆಲುಬಿನ ಮೇಲೆ ಕಟ್ಟಿ, ಇಲ್ಲದಿದ್ದರೆ ಸಂಜೆಗೆ ಹೊಟ್ಟೆ ಮೇಲೆ ಕೆಂಪು ಬರೆ. ಕೊನೆಗೆ ತಲೆ ಮೇಲಿನ ಬಟ್ಟೆ. ಛಾಟಿಯಾ ಎನ್ನುವವರಿದ್ದಾರೆ, ಟುಕ್ರಿ ಎನ್ನುವವರೂ ಇದ್ದಾರೆ. ಅದರ ಕಸೂತಿ ಪಟ್ಟಿ ನೆತ್ತಿಯ ಮೇಲೆ ಬರುವಂತೆ ಹೊದ್ದು, ಒಂದು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ.

ಒಡವೆಯ ವಿಷಯದಲ್ಲಿ ಸ್ವಲ್ಪ ಜೋಪಾನ. ಕೆನ್ನೆಯ ಪಕ್ಕ ಕೂದಲಿಗೆ ಕಟ್ಟಿ ಇಳಿಬಿಡುವ ಬೆಳ್ಳಿಯ ಘೂಗ್ರಿ ಟೋಪ್ಲಿ ಮುತ್ತೈದೆಯ ಗುರುತು, ನಮ್ಮಲ್ಲಿ ತಾಳಿ, ಕಾಲುಂಗುರ ಇದ್ದಂತೆ. ಮದುವೆಯಾಗದ ಹುಡುಗಿ ಸುಮ್ನೆ ಚಂದಕ್ಕೆ ಹಾಕಿಕೊಂಡು ಹೋದರೆ ತಾಂಡಾದ ಅಜ್ಜಿಯರು ನಗುತ್ತಾರೆ, ಕೆಲವರಿಗೆ ನೋವೂ ಆಗುತ್ತದೆ. ಬಲಿಯಾ ಬಳೆಗಳು ಹಿಂದೆ ದಂತ, ಮೂಳೆಯವು, ಈಗ ಪ್ಲಾಸ್ಟಿಕ್. ತಾಂಡಾದಿಂದ ಬರುವ ಗೆಳತಿ ನಿಮ್ಮ ಕ್ಲಾಸಿನಲ್ಲಿ ಇದ್ದೇ ಇರುತ್ತಾಳೆ. ‘ನಿಮ್ಮವ್ವನ್ನ ಒಂದ್ಸಲ ಕೇಳಿ ಹೇಳ್ತೀಯಾ’ ಅಂದರೆ ಸಾಕು, ಅವರೇ ಬಂದು ಉಡಿಸಿಕೊಟ್ಟದ್ದೂ ಇದೆ.

ಕೊಡಗಿನ ಸೀರೆ

ಇದು 6 ಗಜದಲ್ಲೇ ಆಗುತ್ತದೆ, ಲಂಗವೂ ಬೇಕು. ವಿಶೇಷ ಏನೆಂದರೆ ನೆರಿಗೆ ಹಿಂದೆ. ಕಾವೇರಿ ಅಗಸ್ತ್ಯರ ಮೇಲೆ ಮುನಿದು ನದಿಯಾಗಿ ಹರಿದಾಗ, ಬಲಮುರಿಯಲ್ಲಿ ತಡೆಯಲು ನಿಂತ ಹೆಂಗಸರ ನೆರಿಗೆ ನೀರಿನ ರಭಸಕ್ಕೆ ಹಿಂದಕ್ಕೆ ಸರಿಯಿತು ಎಂಬ ಕತೆ ಅಲ್ಲಿದೆ. ಬೆಟ್ಟ ಹತ್ತುವಾಗ ಮುಂದೆ ನೆರಿಗೆ ಕಾಲಿಗೆ ತೊಡರದಿರುವುದೂ ಒಂದು ಅನುಕೂಲ ಅಂತ ನನ್ನ ಲೆಕ್ಕ.

ಒಳತುದಿಯನ್ನು ಲಂಗಕ್ಕೆ ಸಿಕ್ಕಿಸಿ ಸೊಂಟಕ್ಕೆ ಒಂದು ಸುತ್ತು ತನ್ನಿ. ಬೆನ್ನ ಹಿಂದೆ ನೆರಿಗೆ ಹಿಡಿದು ಅಲ್ಲೇ ಸಿಕ್ಕಿಸಿ. ನೆರಿಗೆಯನ್ನು ಮುಂದೆಯೇ ಹಿಡಿದು ಆಮೇಲೆ ಹಿಂದಕ್ಕೆ ತಿರುಗಿಸುವವರಿದ್ದಾರೆ, ಹಾಗೆ ಮಾಡಿದರೆ ಲಂಗವೂ ತಿರುಚಿಕೊಳ್ಳುತ್ತದೆ. ಉಳಿದ ಭಾಗವನ್ನು ಎಡ ತೋಳಿನ ಕೆಳಗಿಂದ ತಂದು ಎದೆಗೆ ಬಿಗಿಯಾಗಿ ಸುತ್ತಿ. ತುದಿಯನ್ನು ಹಿಂದಿನಿಂದ ಬಲ ಭುಜದ ಮೇಲೆ ಮುಂದಕ್ಕೆ ತಂದು, ಎದೆಯ ಮೇಲಿನ ಅಂಚಿಗೆ ಸೇರಿಸಿ. ಇಲ್ಲಿ ಗಂಟು ಭುಜದ್ದು. ಕೊಡವರು ಇದಕ್ಕೆ ಚಂದದ ಪಿನ್ನು ಹಾಕುತ್ತಾರೆ, ನಾನೂ ಇಲ್ಲಿ ಪಿನ್ನಿಗೆ ಒಪ್ಪುತ್ತೇನೆ. ಎಡ ಭುಜ ಖಾಲಿ ಇರುವುದರಿಂದ ರವಿಕೆಯ ತೋಳು ಉದ್ದ ಇದ್ದರೆ ಚಂದ.

ದೂರದ ಊರುಗಳವು

ಬಂಗಾಳದ ಹಳೇ ರೀತಿಯಲ್ಲಿ ಸಣ್ಣ ನೆರಿಗೆ ಇಲ್ಲ. ಮುಂದೆ ಎರಡು ಮೂರು ಅಗಲವಾದ ಮಡಿಕೆ, ಎಡ ಭುಜದ ಮೇಲಿಂದ ಉದ್ದ ಸೆರಗು ಹಿಂದಕ್ಕೆ. ಅದರ ತುದಿಯನ್ನು ಬಲ ತೋಳಿನ ಕೆಳಗಿಂದ ಮುಂದಕ್ಕೆ ತಂದು ಬಲ ಭುಜದ ಮೇಲೆ ಎಸೆಯುವುದು. ಆ ತುದಿಗೆ ಬೀಗದ ಕೈ ಗೊಂಚಲು ಕಟ್ಟುತ್ತಿದ್ದರು. ಗೊಂಚಲಿನ ಭಾರಕ್ಕೆ ಸೆರಗು ಜಾರುವುದಿಲ್ಲ. ನಮ್ಮ ಹುಡುಗಿಯರಿಗೆ ನಾನು ಸ್ಕೂಟಿಯ ಕೀ ಕಟ್ಟಿಸುತ್ತೇನೆ. ಈಗ ನಾವೆಲ್ಲ ಉಡುವ, ಲಂಗ ರವಿಕೆಯ ಜೊತೆಗಿನ ಸೀರೆಯ ಕತೆಯಲ್ಲಿ ಬಂಗಾಳದ ಒಬ್ಬ ಹೆಣ್ಣುಮಗಳೂ ಬರುತ್ತಾಳೆ. ರವೀಂದ್ರನಾಥ ಠಾಕೂರರ ಅತ್ತಿಗೆ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಬೊಂಬಾಯಿಯಲ್ಲಿ ಇದ್ದು ಬಂದ ಮೇಲೆ, ಹೊರಗೆ ಓಡಾಡಲು ಅನುಕೂಲವಾದ ಇಂಥ ಉಡುಗೆಯನ್ನು ತಮ್ಮ ಕಡೆ ಬಳಕೆಗೆ ತಂದರು.

ಗುಜರಾತಿ ಸೆರಗು ಸುಲಭ: ಹಿಂದಿನಿಂದ ಬಲ ಭುಜದ ಮೇಲೆ ಮುಂದಕ್ಕೆ ತಂದು, ಒಂದು ಮೂಲೆಯನ್ನು ಎಡ ಸೊಂಟಕ್ಕೆ ಸಿಕ್ಕಿಸಿದರೆ ಆಯಿತು. ಚಂದದ ಸೆರಗು ಇರುವ ಸೀರೆಗೆ ಇದು ಹೇಳಿ ಮಾಡಿಸಿದ್ದು. ಕೇರಳದ ಮುಂಡು ಮತ್ತು ನೇರಿಯದು ಎರಡು ಬಿಡಿ ಬಟ್ಟೆಗಳು. ಒಂದು ಸೊಂಟಕ್ಕೆ, ಇನ್ನೊಂದರ ತುದಿ ಸೊಂಟಕ್ಕೆ ಸಿಕ್ಕಿಸಿ ಎಡ ಭುಜಕ್ಕೆ. ಅಸ್ಸಾಮಿನ ಮೇಖಲಾ ಕೊಳವೆಯಂತೆ ಹೊಲಿದಿರುತ್ತದೆ, ಸೊಂಟದ ಅಳತೆಗೆ ಮಡಿಸಿ ಸಿಕ್ಕಿಸಿ ಮೇಲೆ ಚಾದರ್ ಹೊದೆಯುವುದು. ಇವಕ್ಕೆಲ್ಲ ಅರ್ಧ ಗಂಟೆ ಅಭ್ಯಾಸ ಸಾಕು.

ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಉಡುಗೆ ಉಡಿಸಿ ಎಂದು ಕೇಳಿಕೊಂಡು ಬಂದವರಿಗೆ ಮಾತ್ರ ನಾನು ಬೇಡ ಅನ್ನುತ್ತೇನೆ. ರವಿಕೆಯಿಲ್ಲದ ಸೀರೆ, ಕತ್ತಿನ ತುಂಬ ಮಣಿಸರ. 2021ರಲ್ಲಿ ತುಳಸಿ ಗೌಡ ಅವರು ಬರಿಗಾಲಲ್ಲಿ, ಅದೇ ಉಡುಗೆಯಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತೆಗೆದುಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ಮೈಬಣ್ಣದ ಟಾಪಿನ ಮೇಲೆ ಪ್ಲಾಸ್ಟಿಕ್ ಮಣಿ ಹಾಕಿ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಸಂಜೆ ಬಿಚ್ಚುವಾಗ

ಉಟ್ಟ ಕ್ರಮಕ್ಕೆ ಉಲ್ಟಾ ಹೋಗಿ: ಮೊದಲು ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ತುದಿ, ಆಮೇಲೆ ಹಿಂದಿನ ಕಚ್ಚೆ, ನೆರಿಗೆ, ಭುಜದ ಸೆರಗು, ಕೊನೆಗೆ ಗಂಟು. ಸುಸ್ತಾಗಿದೆ ಎಂದು ಗಂಟನ್ನೇ ಮೊದಲು ಎಳೆದರೆ 9 ಗಜ ಕಾಲಡಿ ಬಿದ್ದು ಅಂಚು ತುಳಿದು ಹರಿಯುತ್ತದೆ. ಬಿಚ್ಚಿದ ಸೀರೆಯನ್ನು ನೆರಳಲ್ಲಿ ಹಗ್ಗದ ಮೇಲೆ ಎರಡು ತಾಸು ಹರವಿ, ಬೆವರು ಆರಲಿ. ನಮ್ಮೂರಿನ ಮಾರ್ಚ್ ಬಿಸಿಲಿಗೆ ರೇಷ್ಮೆಯನ್ನು ಒಡ್ಡಬೇಡಿ, ಬಣ್ಣ ಹೋಗುತ್ತದೆ. ಕನ್ನಡಿ ಹೊಲಿದ ಕಾಂಚಳಿ, ಪೇಟಿಯಾ ವಾಷಿಂಗ್ ಮೆಷಿನ್ನಿಗೆ ಹಾಕುವಂತಿಲ್ಲ. ಒದ್ದೆ ಬಟ್ಟೆಯಲ್ಲಿ ಒಳಭಾಗ ಒರೆಸಿ ಗಾಳಿಗೆ ಬಿಡಿ. ಗಂಟು ಬಿದ್ದ ಜಾಗದಲ್ಲಿ ಸೀರೆ ಹಿಂಡಿದ ಹಾಗೆ ಸುಕ್ಕಾಗಿರುತ್ತದೆ. ಅದಕ್ಕೆ ನೀರು ಚಿಮುಕಿಸಿ ಮೇಲೊಂದು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಮಾಡಿ. ರೇಷ್ಮೆಯಾದರೆ ನೀರು ಬೇಡ, ಬರೀ ಬಟ್ಟೆ ಹಾಸಿ ಹದವಾದ ಬಿಸಿಯಲ್ಲಿ ಒತ್ತಿ. ಮಡಿಸಿ ಇಡುವಾಗ ಸೊಂಟದ ಪಟ್ಟಿಯನ್ನೂ ಸೀರೆಯ ಮಡಿಕೆಯಲ್ಲೇ ಇಟ್ಟುಬಿಡಿ, ಮುಂದಿನ ಸಲ ಹುಡುಕುವ ಕೆಲಸ ಇರುವುದಿಲ್ಲ.